ಬಾಯಿ ಉರಿ: ಕಾರಣಗಳು ಹಾಗೂ ಸಾರ್ವಜನಿಕರಿಗೆ ಸೂಚನೆಗಳು

ನಾಲಿಗೆ, ತುಟಿ, ಕೆನ್ನೆಯ ಒಳಭಾಗ ಅಥವಾ ಅಂಗುಳದಲ್ಲಿ ಉಂಟಾಗುವ ಉರಿಯು ಸ್ವತಃ ಒಂದು ರೋಗವಲ್ಲ. ಬಹುತೇಕ ಸಂದರ್ಭಗಳಲ್ಲಿ ಅದು ಬೇರೊಂದು ತೊಂದರೆಯ ಲಕ್ಷಣವಾಗಿರುತ್ತದೆ. ಆದುದರಿಂದ ಮೊದಲು ಕಾರಣವನ್ನು ಪತ್ತೆ ಮಾಡುವುದು ಅವಶ್ಯಕ.

ಸಾಮಾನ್ಯ ಕಾರಣಗಳು

1. ಕಬ್ಬಿಣಾಂಶ, ಫೋಲಿಕ್ ಆಮ್ಲ ಹಾಗೂ ಬಿ ಗುಂಪಿನ ಜೀವಸತ್ವಗಳ, ವಿಶೇಷವಾಗಿ ಬಿ12ರ ಕೊರತೆ. ಇದರಿಂದ ನಾಲಿಗೆಯು ಕೆಂಪಾಗಿ ನುಣುಪಾಗುತ್ತದೆ.
2. ಶಿಲೀಂಧ್ರ ಸೋಂಕು. ಮಧುಮೇಹಿಗಳಲ್ಲಿ, ಉಬ್ಬಸಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಬಳಸುವವರಲ್ಲಿ ಹಾಗೂ ಕಟ್ಟಿಸಿಕೊಂಡ ಹಲ್ಲುಸೆಟ್ಟನ್ನು ರಾತ್ರಿ ತೆಗೆಯದವರಲ್ಲಿ ಇದು ಹೆಚ್ಚು.
3. ಜೊಲ್ಲು ಕಡಿಮೆಯಾಗಿ ಬಾಯಿ ಒಣಗುವುದು. ಕೆಲವು ಔಷಧಗಳಿಂದಲೂ ಹೀಗಾಗಬಹುದು.
4. ಜಠರದ ಆಮ್ಲವು ಮೇಲಕ್ಕೆ ಬರುವುದು.
5. ಪರೀಕ್ಷೆಯಲ್ಲಿ ಯಾವ ದೋಷವೂ ಕಂಡುಬಾರದೆ ತಿಂಗಳುಗಟ್ಟಲೆ ಉಳಿಯುವ ಉರಿ. ಇದು ಮುಟ್ಟು ನಿಂತ ಮಹಿಳೆಯರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಇದನ್ನು ಮಾನಸಿಕ ಭ್ರಮೆಯೆಂದು ಕಡೆಗಣಿಸಬಾರದು.

ಅಡಿಕೆ ಮತ್ತು ಗುಟ್ಕಾ ಸೇವಿಸುವವರ ಗಮನಕ್ಕೆ

ಅಡಿಕೆ, ಪಾನ್ ಮಸಾಲ ಅಥವಾ ಗುಟ್ಕಾ ಜಗಿಯುವವರಿಗೆ ಖಾರದ ಊಟ ಮಾಡುವಾಗ ಬಾಯಿ ಉರಿಯುವುದು ಒಳಪೊರೆ ಬಿಗಿಯುವ ರೋಗದ (ಸಬ್‌ಮ್ಯೂಕಸ್ ಫೈಬ್ರೋಸಿಸ್) ಮೊದಲ ಲಕ್ಷಣವಾಗಿರಬಹುದು. ಕ್ರಮೇಣ ಕೆನ್ನೆಯ ಒಳಭಾಗವು ಬಿಳಿಚಿಕೊಂಡು ಗಡುಸಾಗಿ, ಬಾಯಿ ತೆರೆಯುವುದು ಕಷ್ಟವಾಗುತ್ತದೆ. ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದರಂತೆ ಜೋಡಿಸಿ ಬಾಯಿಯೊಳಗೆ ಇರಿಸಲು ಸಾಧ್ಯವಾಗದವರು ಪರೀಕ್ಷೆ ಮಾಡಿಸಿಕೊಳ್ಳಬೇಕು. ಹೀಗೆ ಬಿಗಿದ ಒಳಪೊರೆಯು ಪೂರ್ಣವಾಗಿ ಮೊದಲಿನಂತಾಗುವುದು ಅಪರೂಪ. ಕೆಲವರಲ್ಲಿ ಇದು ಕ್ಯಾನ್ಸರ್‌ಗೆ ತಿರುಗುತ್ತದೆ. ಉರಿಯ ಹಂತದಲ್ಲಿಯೇ ಚಟವನ್ನು ತ್ಯಜಿಸಿದಲ್ಲಿ ಹೆಚ್ಚಿನ ಹಾನಿಯನ್ನು ತಡೆಯಬಹುದಾಗಿದೆ. ತಂಬಾಕು ಬೆರೆಸದ ಅಡಿಕೆಯೂ ಸುರಕ್ಷಿತವಲ್ಲ. ರಾಜ್ಯದಲ್ಲಿ ಗುಟ್ಕಾ ತಯಾರಿಕೆ ಹಾಗೂ ಮಾರಾಟವನ್ನು 2013ರಲ್ಲಿ ನಿಷೇಧಿಸಲಾಯಿತು.

ಯಾವಾಗ ವೈದ್ಯರನ್ನು ಕಾಣಬೇಕು?

ಎರಡು ವಾರಗಳಿಗಿಂತ ಹೆಚ್ಚು ಕಾಲ ಉಳಿಯುವ ಉರಿ, ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ನುಂಗಲು ತೊಂದರೆ ಕಂಡುಬಂದಲ್ಲಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಅಥವಾ ತಾಲ್ಲೂಕು, ಜಿಲ್ಲಾ ಆಸ್ಪತ್ರೆಯ ದಂತ ವಿಭಾಗವನ್ನು ಸಂಪರ್ಕಿಸತಕ್ಕದ್ದು.

ಭೇಟಿಯ ಸಮಯದಲ್ಲಿ ಸೇವಿಸುತ್ತಿರುವ ಔಷಧಗಳ ಚೀಟಿ, ಹಿಂದಿನ ರಕ್ತ ಪರೀಕ್ಷೆಯ ವರದಿಗಳು ಹಾಗೂ ಹಲ್ಲುಸೆಟ್ಟು ಇದ್ದಲ್ಲಿ ಅದನ್ನು ತರುವುದು. ಅಡಿಕೆ, ತಂಬಾಕು ಸೇವನೆಯ ವಿವರವನ್ನು ಮರೆಮಾಚದೆ ತಿಳಿಸುವುದು. ವೈದ್ಯರು ಬರೆದುಕೊಟ್ಟ ಯಾವುದೇ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು.

ತಂಬಾಕು ತ್ಯಜಿಸಲು ನೆರವು ಬಯಸುವವರು ರಾಷ್ಟ್ರೀಯ ಶುಲ್ಕರಹಿತ ದೂರವಾಣಿ 1800-11-2356ಕ್ಕೆ ಕರೆ ಮಾಡಬಹುದಾಗಿದೆ.