ಮದರಾಸಿನಲ್ಲಿ ನಡೆದ ಆ ಮೊದಲ ಪೋಸ್ಟ್ ಮಾರ್ಟಂ

ನಮ್ಮ ಕೌದಳ್ಳಿಯಂಥ ಊರಿನಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡು, ಪೊಲೀಸರು ಪೋಸ್ಟ್ ಮಾರ್ಟಂ ಆಗಬೇಕು ಎಂದರೆ ಮನೆಯವರಿಗೆ ಅದು ಎರಡನೇ ಸಾವು. "ಕೊಯ್ಯುವುದು ಬೇಡ, ಬೇಗ ದಫನ್ ಮಾಡೋಣ" ಎನ್ನುತ್ತಾರೆ ಹಿರಿಯರು. ಆ ಮಾತನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಯ್ಯತ್‌ಗೆ ನೋವು ಕೊಡಬಾರದು, ಜನಾಜಾ ತಡಮಾಡಬಾರದು ಎಂದೇ ನಾವೆಲ್ಲ ಕಲಿತು ಬಂದವರು. ಆದರೂ ಈ ಪರೀಕ್ಷೆ ನಮ್ಮ ದೇಶದಲ್ಲಿ ಹೇಗೆ ಶುರುವಾಯಿತು ಎಂಬುದನ್ನು ಒಮ್ಮೆ ತಿಳಿದುಕೊಳ್ಳಬೇಕು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲದ ಸೀಮೆ ಕಂಪನಿಯ ಪಾಲಾಯಿತು. 1956ರ ನವೆಂಬರ್ 1ರವರೆಗೂ ನಾವು ಕೊಯಮತ್ತೂರು ಜಿಲ್ಲೆಯವರು, ಮದರಾಸಿಗೆ ಸೇರಿದವರು. ಈ ಕಥೆಯೂ ಮದರಾಸಿನದೇ, ಅದಕ್ಕಿಂತ ನೂರು ವರ್ಷ ಹಿಂದಿನದು.

1693ರ ಆಗಸ್ಟ್. ಸೇಂಟ್ ಜಾರ್ಜ್ ಕೋಟೆಯಲ್ಲಿ ಕಂಪನಿಯ ಕೌನ್ಸಿಲ್ ಸದಸ್ಯ ಜೇಮ್ಸ್ ವೀಲರ್ ಕಾಯಿಲೆ ಬಿದ್ದ. ವೈದ್ಯ ಸ್ಯಾಮ್ಯುಯೆಲ್ ಬ್ರೌನ್ ಮುತ್ತಿನ ಪುಡಿಯ ಔಷಧಿ ಕೊಟ್ಟ. ಮುತ್ತನ್ನು ಪುಡಿ ಮಾಡಿ ಕುಡಿಸುವುದು ಆಗಿನ ಶ್ರೀಮಂತರ ವೈದ್ಯ, ನಮಗೆ ನಗು ಬರಬಹುದು. ಔಷಧಿ ಕುಡಿದ ವೀಲರ್ ಸತ್ತ. ಮುತ್ತು ಅರೆದ ಕಲ್ಲಿನಲ್ಲಿ ಅದಕ್ಕೂ ಮೊದಲು ಪಾಷಾಣ ಅರೆಯಲಾಗಿತ್ತು! ಕಲ್ಲನ್ನು ಸರಿಯಾಗಿ ತೊಳೆದಿರಲಿಲ್ಲ. ಬ್ರೌನ್ ಓಡಿಹೋಗಲಿಲ್ಲ. ತನ್ನ ಕೈಯಿಂದಲೇ ವೀಲರ್ ಸತ್ತನೆಂದೂ ತನಗೆ ಶಿಕ್ಷೆ ಆಗಲಿ ಎಂದೂ ಗವರ್ನರಿಗೆ ತಾನೇ ಬರೆದುಕೊಟ್ಟ.

ಆಗ ಕೋಟೆಯ ಆಸ್ಪತ್ರೆಯ ಇನ್ನೊಬ್ಬ ವೈದ್ಯ ಎಡ್ವರ್ಡ್ ಬಲ್ಕ್‌ಲಿ ವೀಲರ್‌ನ ಶವ ಕೊಯ್ದು ಪರೀಕ್ಷಿಸಿದ. ಕಾನೂನಿನ ಕೆಲಸಕ್ಕಾಗಿ ಭಾರತದಲ್ಲಿ ನಡೆದು ದಾಖಲೆಗೆ ಬಂದ ಮೊದಲ ಮರಣೋತ್ತರ ಪರೀಕ್ಷೆ ಇದೇ. ಪಾಷಾಣವನ್ನು ರಾಸಾಯನಿಕವಾಗಿ ನಂಬಿಕೆಯಿಂದ ಹಿಡಿಯುವ ಮಾರ್ಷ್ ಪರೀಕ್ಷೆ ಬಂದದ್ದು 1836ರಲ್ಲಿ. ಬಲ್ಕ್‌ಲಿಗೆ ಇದ್ದದ್ದು ಕಣ್ಣು, ಕೈ, ಅನುಭವ ಅಷ್ಟೇ.

ಬ್ರೌನ್ ಮೇಲೆ ವಿಚಾರಣೆ ನಡೆಯಿತು. ಜ್ಯೂರಿ ಅವನನ್ನು ಕೊಲೆಗಾರ ಎನ್ನಲಿಲ್ಲ, ಬಿಟ್ಟುಕಳಿಸಿತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಶವ ಹೇಳುವುದು ಸಾವು ಹೇಗೆ ಬಂತು ಎಂದಷ್ಟೇ. ಯಾರು ಮಾಡಿದರು, ಯಾವ ನಿಯ್ಯತ್ತಿನಿಂದ ಮಾಡಿದರು ಎಂಬುದನ್ನು ಅದು ಹೇಳದು. ಅದನ್ನು ಬದುಕಿರುವವರು ಸಾಕ್ಷಿ ಕೇಳಿ ತೀರ್ಮಾನಿಸಬೇಕು. ಮೊದಲನೆಯದು ಸಿಗದಿದ್ದರೆ ಎರಡನೆಯದು ಬರೀ ಗಾಳಿಸುದ್ದಿ.

ಮುಂದೆ 1849ರಲ್ಲಿ ಮದರಾಸಿನಲ್ಲೇ ವಿಷ ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯ ಶುರುವಾಯಿತು, ದೇಶದಲ್ಲಿ ಮೊದಲನೆಯದು.

ಇದು ಹಳೇ ಕಥೆ ಎನ್ನುವವರು ಸುಳ್ವಾಡಿಯನ್ನು ನೆನೆಯಲಿ. 2018ರ ಡಿಸೆಂಬರ್ 14ರಂದು ನಮ್ಮದೇ ಹನೂರು ತಾಲ್ಲೂಕಿನ ಸುಳ್ವಾಡಿಯ ಮಾರಮ್ಮ ದೇವಸ್ಥಾನದಲ್ಲಿ ಪ್ರಸಾದ ತಿಂದು 17 ಜನ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಬಡ ಕೂಲಿಗಳು, ಮಕ್ಕಳು. ಊಟ ಹಳಸಿತ್ತೇ, ಹಲ್ಲಿ ಬಿದ್ದಿತ್ತೇ ಎಂದು ಊಹಿಸಿ ಮಣ್ಣು ಮಾಡಿಬಿಟ್ಟಿದ್ದರೆ? ಪರೀಕ್ಷೆಯಾದದ್ದರಿಂದಲೇ ಅದರಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕ ಇತ್ತೆಂದು ಗೊತ್ತಾಯಿತು, ಮೊಕದ್ದಮೆ ನ್ಯಾಯಾಲಯಕ್ಕೆ ಹೋಯಿತು.

ಇನ್ನು ಶರೀಅತ್ತಿನ ಮಾತು. 1987ರಲ್ಲಿ ಮಕ್ಕಾದಲ್ಲಿ ಸೇರಿದ್ದ ಫಿಕ್ಹ್ ಅಕಾಡೆಮಿಯ ಉಲಮಾಗಳು, ಅಪರಾಧದ ಸಂಶಯವಿದ್ದಾಗ ಸಾವಿನ ಕಾರಣ ತಿಳಿಯಲು ಶವಪರೀಕ್ಷೆ ಮಾಡಬಹುದು ಎಂದರು. ಅಗತ್ಯವಿರುವಷ್ಟೇ ಕೊಯ್ಯಬೇಕು, ಹೆಂಗಸರ ಮಯ್ಯತನ್ನು ಸಾಧ್ಯವಿದ್ದಷ್ಟೂ ಹೆಂಗಸರಾದ ಡಾಕ್ಟರರೇ ಪರೀಕ್ಷಿಸಬೇಕು ಎಂಬ ಷರತ್ತುಗಳನ್ನೂ ಇಟ್ಟರು. ಪೊಲೀಸರೊಂದಿಗೆ ಜಗಳಕ್ಕೆ ನಿಲ್ಲುವ ಬದಲು ಈ ಷರತ್ತುಗಳನ್ನು ಡಾಕ್ಟರರ ಮುಂದೆ ಮರ್ಯಾದೆಯಿಂದ ಇಡುವುದು ಮೇಲು ಎಂಬುದು ನಮ್ಮ ಅಭಿಪ್ರಾಯ.

ತಡದ ಚಿಂತೆಗೂ ಸ್ವಲ್ಪ ದಾರಿಯಿದೆ. ಹಿಂದೆ ಸೂರ್ಯ ಮುಳುಗಿದ ಮೇಲೆ ಪರೀಕ್ಷೆ ಮಾಡುತ್ತಿರಲಿಲ್ಲ, ಬೆಳಗಿನವರೆಗೂ ಶವಾಗಾರದ ಬಾಗಿಲಲ್ಲಿ ಕಾಯಬೇಕಿತ್ತು. 2021ರ ನವೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ, ಬೆಳಕು ಮತ್ತು ಸೌಲಭ್ಯ ಇರುವ ಆಸ್ಪತ್ರೆಗಳಲ್ಲಿ ರಾತ್ರಿಯೂ ಮಾಡಬಹುದು ಎಂದಿತು. ಕೊಲೆ, ಆತ್ಮಹತ್ಯೆಯ ಸಂಶಯವಿರುವ ಪ್ರಕರಣಗಳಿಗೆ ಸಾಮಾನ್ಯವಾಗಿ ಇದು ಅನ್ವಯಿಸದು. ರಸ್ತೆ ಅಪಘಾತದಂಥ ಸಾವುಗಳಲ್ಲಿ ಕೇಳಿ ನೋಡಬಹುದು. ಮಸೀದಿ ಕಮಿಟಿಯವರು ಆಸ್ಪತ್ರೆಗೆ ಹೋಗುವಾಗ ಇದನ್ನು ನೆನಪಿಟ್ಟುಕೊಂಡರೆ, ಕೆಲವು ಮನೆಗಳಲ್ಲಾದರೂ ಜನಾಜಾ ಫಜರ್ ನಮಾಜಿನ ಹೊತ್ತಿಗೆ ಊರು ಸೇರೀತು.