ಚಲಿತರಸವೂ ಘ್ರಾಣೇಂದ್ರಿಯವೂ

ಆಹಾರವು ಕೆಟ್ಟಿದೆಯೆಂಬುದನ್ನು ಶ್ರಾವಕನು ಯಾವ ಇಂದ್ರಿಯದಿಂದ ತಿಳಿಯತಕ್ಕದ್ದು? ಮಾಳವದ ಪಂಡಿತ ಆಶಾಧರರು ಕ್ರಿ. ಶ. 13ನೆಯ ಶತಮಾನದಲ್ಲಿ ರಚಿಸಿದ ಸಾಗಾರಧರ್ಮಾಮೃತದಲ್ಲಿ, ಮಾಂಸತ್ಯಾಗವ್ರತದ ಅತಿಚಾರಗಳನ್ನು ಹೇಳುವಾಗ, ‘ವ್ಯಾಪನ್ನ’ವಾದ ಎಲ್ಲ ಭೋಜ್ಯವನ್ನೂ ಸೇರಿಸಿದ್ದಾರೆ. ಶ್ರಾವಕ ಪರಂಪರೆಯಲ್ಲಿ ಇದಕ್ಕೆ ಚಲಿತರಸವೆಂದು ಹೆಸರು. ರಸವು ತನ್ನ ನೆಲೆಯಿಂದ ಕದಲಿದ ಆಹಾರವೆಂದು ಅರ್ಥ. ರಸವನ್ನು ಗ್ರಹಿಸುವುದು ರಸನೇಂದ್ರಿಯ. ಆದರೆ ನಾಲಗೆಯ ಮೇಲಿಟ್ಟು ಪರೀಕ್ಷಿಸಿದವನು ಅಭಕ್ಷ್ಯವನ್ನು ಆಗಲೇ ಬಾಯಿಗೆ ಹಾಕಿಕೊಂಡಂತಾಯಿತು. ವ್ರತಕ್ಕೆ ದೋಷ ಬಂದ ಮೇಲೆ ದೊರೆತ ಜ್ಞಾನದಿಂದ ಏನು ಪ್ರಯೋಜನ? ಆಚರಣೆಯಲ್ಲಿ ಗೃಹಿಣಿಯು ಪಾತ್ರೆಯ ಮುಚ್ಚಳ ತೆಗೆದು ಮೂಸಿ ನೋಡಿಯೇ ನಿರ್ಣಯಿಸುತ್ತಾಳೆ. ಹೆಸರು ರಸದ್ದು, ಕೆಲಸ ಘ್ರಾಣದ್ದು. ಈ ವ್ಯತ್ಯಾಸವು ಕೇವಲ ರೂಢಿಯ ಶೈಥಿಲ್ಯವೋ, ಅಥವಾ ಸಿದ್ಧಾಂತದಲ್ಲಿ ಇದಕ್ಕೆ ಆಧಾರವುಂಟೋ ಎಂಬುದು ವಿಚಾರಣೀಯ.

ಮೇಲ್ನೋಟಕ್ಕೆ ಆಧಾರವಿಲ್ಲವೆಂದೇ ತೋರುತ್ತದೆ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಇಂದ್ರಿಯಗಳ ಕ್ರಮ ಸ್ಪರ್ಶನ, ರಸನ, ಘ್ರಾಣ, ಚಕ್ಷು, ಶ್ರೋತ್ರ ಎಂದಿದೆ. ಕೃಮಿ, ಶಂಖ ಮೊದಲಾದ ದ್ವೀಂದ್ರಿಯ ಜೀವಿಗಳಿಗೆ ರಸನವುಂಟು, ಘ್ರಾಣವಿಲ್ಲ. ಇರುವೆಯಿಂದ ಘ್ರಾಣ ಆರಂಭ. ಆದ್ದರಿಂದ ಗಂಧದ ನೆರವಿಲ್ಲದೆಯೂ ರಸಜ್ಞಾನ ಸಾಧ್ಯವೆಂಬುದು ನಿರ್ವಿವಾದ. ಆದರೆ ಇದು ಜ್ಞಾತೃವಿನ ಕಡೆಯ ವಿಭಾಗ. ಜ್ಞೇಯದ ಕಡೆಗೆ ತಿರುಗಿದರೆ ಚಿತ್ರ ಬೇರೆಯಾಗುತ್ತದೆ. ವೈಶೇಷಿಕರು ಗಂಧವು ಪೃಥಿವಿಯೊಂದರ ಗುಣವೆಂದೂ, ರಸವು ಪೃಥಿವಿ ಮತ್ತು ಜಲಗಳ ಗುಣವೆಂದೂ ಹೇಳುತ್ತಾರೆ; ಅವರ ಮತದಲ್ಲಿ ಶುದ್ಧ ಜಲಕ್ಕೆ ರಸವುಂಟು, ಗಂಧವಿಲ್ಲ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಒಪ್ಪಿಲ್ಲ. ಸ್ಪರ್ಶವುಳ್ಳ ಜಲಕ್ಕೆ ಗಂಧವೂ ಉಂಟು, ನಮಗೆ ತೋರದಿರಬಹುದು ಅಷ್ಟೆ. ಒಂದು ಪರಮಾಣುವಿನಲ್ಲಿಯೂ ಒಂದು ರಸ, ಒಂದು ಗಂಧ, ಒಂದು ವರ್ಣ, ಎರಡು ಸ್ಪರ್ಶಗಳು ಇದ್ದೇ ಇರುತ್ತವೆ. ಅಂದಮೇಲೆ ರಸವಿದ್ದಲ್ಲಿ ಗಂಧವು ಅವಿನಾಭಾವಿ. ಅನ್ನದ ರಸವು ಚಲಿಸುವಾಗ ಅದೇ ಸ್ಕಂಧದ ಗಂಧವೂ ಮಾರ್ಪಟ್ಟರೆ ಆಶ್ಚರ್ಯವಿಲ್ಲ. ಮೂಗಿಗೆ ತಿಳಿದ ಬದಲಾವಣೆಯಿಂದ ರಸದ ಬದಲಾವಣೆಯನ್ನು ಅನುಮಾನಿಸುವುದು ಯುಕ್ತವೇ ಆಗಿದೆ.

ಅನುಭವದ ವಿಷಯದಲ್ಲಿ ಜೈನ ತಾರ್ಕಿಕರು ಎತ್ತಿಕೊಂಡಿರುವ ದೃಷ್ಟಾಂತವು ಬಹು ಸ್ವಾರಸ್ಯವಾದುದು. ಅದು ಶಷ್ಕುಲೀಭಕ್ಷಣ, ಅಂದರೆ ನಮ್ಮ ಮನೆಗಳ ಚಕ್ಕುಲಿಯನ್ನು ತಿನ್ನುವುದು. ಚಕ್ಕುಲಿ ಎಂಬುದು ಶಷ್ಕುಲಿಯ ತದ್ಭವ. ಚಕ್ಕುಲಿಯನ್ನು ಕಚ್ಚುವಾಗ ಅದರ ಬಣ್ಣ ಕಾಣುತ್ತದೆ, ಎಣ್ಣೆಯ ಪರಿಮಳ ಬರುತ್ತದೆ, ಉಪ್ಪುಖಾರ ತಿಳಿಯುತ್ತದೆ, ಗಡಸುತನ ಹಲ್ಲಿಗೆ ತಾಗುತ್ತದೆ, ಕಟಕಟ ಶಬ್ದ ಕೇಳುತ್ತದೆ. ಐದು ಜ್ಞಾನಗಳೂ ಒಮ್ಮೆಗೇ ಆದವೆಂದು ತಿನ್ನುವವನು ಬಗೆಯುತ್ತಾನೆ. ವಿದ್ಯಾನಂದಾಚಾರ್ಯರು ತತ್ತ್ವಾರ್ಥಶ್ಲೋಕವಾರ್ತಿಕದ ಪ್ರಥಮಾಧ್ಯಾಯದಲ್ಲಿ ಈ ಪ್ರತೀತಿಯನ್ನು ಪೂರ್ವಪಕ್ಷವಾಗಿಟ್ಟು, ಐದೂ ಏಕಕಾಲದಲ್ಲಿ ಹುಟ್ಟಿದ್ದರೆ ಅವುಗಳ ಸ್ಮರಣೆಯೂ ಏಕಕಾಲದಲ್ಲಿ ಏಕೆ ಆಗಬಾರದೆಂದು ಕೇಳುತ್ತಾರೆ. ಛದ್ಮಸ್ಥನ ಉಪಯೋಗವು ಒಂದಾದ ಮೇಲೊಂದರಂತೆ ನಡೆಯುತ್ತದೆ. ಶೀಘ್ರತೆಯಿಂದ ನಡುವಣ ಬಿರುಕು ಕಾಣಿಸದು. ಅಡುಕಿಟ್ಟ ನೂರು ತಾವರೆಯೆಸಳುಗಳನ್ನು ಸೂಜಿ ಒಮ್ಮೆಗೇ ಚುಚ್ಚಿದಂತೆ ತೋರುವುದೂ ಹೀಗೆಯೇ. ವಾದದ ಗುರಿ ಉಪಯೋಗದ ಕ್ರಮವನ್ನು ಸ್ಥಾಪಿಸುವುದೇ ಹೊರತು ಚಕ್ಕುಲಿಯ ರುಚಿಯನ್ನು ವಿವರಿಸುವುದಲ್ಲ. ಆದರೂ ‘ರುಚಿ’ಯೆಂದು ಜನರು ಒಂದೇ ಹೆಸರಿನಿಂದ ಕರೆಯುವ ಅನುಭವದಲ್ಲಿ ಗಂಧವು ಗುರುತು ಸಿಕ್ಕದಂತೆ ಸೇರಿಕೊಂಡಿರುತ್ತದೆಯೆಂಬುದನ್ನು ಈ ಚರ್ಚೆ ಒಪ್ಪಿಕೊಂಡೇ ಮುಂದುವರಿದಿದೆ. ಅಷ್ಟು ಸಾಕು.

ಇಂದಿನ ಶರೀರಶಾಸ್ತ್ರವೂ ಇದನ್ನೇ ಬೇರೆ ಮಾರ್ಗದಿಂದ ಹೇಳುತ್ತದೆ. ಅಗಿದ ಆಹಾರದ ಗಂಧಕಣಗಳು ಬಾಯಿಯ ಹಿಂಬದಿಯಿಂದ ಮೇಲೇರಿ ಮೂಗಿನ ಒಳಗೋಡೆಯನ್ನು ಮುಟ್ಟುತ್ತವೆ. ಆ ಗಂಧವನ್ನು ನಾವು ನಾಲಗೆಯ ಸವಿಯೆಂದೇ ಭ್ರಮಿಸುತ್ತೇವೆ. ನೆಗಡಿಯಾದವನಿಗೆ ಸಾರು ಸಪ್ಪೆಯಾಗುವುದು ಇದರಿಂದಲೇ. 2020ರ ಕೋವಿಡ್ ವ್ಯಾಧಿಯಲ್ಲಿ ಅನೇಕರು ರುಚಿ ಹೋಯಿತೆಂದು ದೂರಿದಾಗ ಬಹುಪಾಲು ಹೋಗಿದ್ದುದು ಘ್ರಾಣಶಕ್ತಿ. 1991ರಲ್ಲಿ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಗಂಧಗ್ರಾಹಕಗಳ ದೊಡ್ಡ ವರ್ಗವೊಂದನ್ನು ಗುರುತಿಸಿ 2004ರಲ್ಲಿ ನೊಬೆಲ್ ಬಹುಮಾನ ಪಡೆದರು. ಮನುಷ್ಯನಲ್ಲಿ ಅಂಥ ಗ್ರಾಹಕಗಳು ಸುಮಾರು 400 ಬಗೆ. ಸುಗಂಧ ದುರ್ಗಂಧವೆಂಬ ನಮ್ಮ ಎರಡು ಭೇದಗಳು ಮೂಲಭೇದಗಳು ಮಾತ್ರವೆಂದೂ, ಪ್ರತಿಯೊಂದರಲ್ಲಿಯೂ ಸಂಖ್ಯಾತ, ಅಸಂಖ್ಯಾತ, ಅನಂತ ಭೇದಗಳುಂಟೆಂದೂ ಸರ್ವಾರ್ಥಸಿದ್ಧಿ ಹೇಳಿರುವುದನ್ನು ಇಲ್ಲಿ ನೆನೆಯಬಹುದು. ಘ್ರಾಣವು ಪ್ರಾಪ್ಯಕಾರಿ, ವಿಷಯವನ್ನು ಮುಟ್ಟಿಯೇ ಅರಿಯುತ್ತದೆಯೆಂಬ ಸಿದ್ಧಾಂತಕ್ಕೂ ವಿರೋಧವಿಲ್ಲ. ಹಾಗೆಂದು ಗಂಟಲಿನ ಆ ಮಾರ್ಗವನ್ನು ಪೂರ್ವಾಚಾರ್ಯರು ಬಲ್ಲವರಾಗಿದ್ದರೆಂದು ಸಾರುವ ಉತ್ಸಾಹ ಸಲ್ಲದು. ಗ್ರಂಥದಲ್ಲಿಲ್ಲದುದನ್ನು ಗ್ರಂಥಕ್ಕೆ ಹೊರಿಸುವುದು ಶ್ರುತಭಕ್ತಿಯಲ್ಲ.

ಮರಳಿ ಪಾಕಶಾಲೆಗೆ ಬರೋಣ. ಆಶಾಧರರು ವ್ಯಾಪನ್ನ ಭೋಜ್ಯವನ್ನು ಹೇಳಿದ ಪದ್ಯದಲ್ಲಿಯೇ ತೊಗಲಿನ ಪಾತ್ರದಲ್ಲಿಟ್ಟ ನೀರು, ಎಣ್ಣೆತುಪ್ಪಗಳೊಡನೆ ತೊಗಲಿನ ಸಂಪರ್ಕವುಳ್ಳ ಇಂಗನ್ನೂ ನಿಷೇಧಿಸಿದ್ದಾರೆ. ಪಾರಸ ಮತ್ತು ಗಾಂಧಾರದ ಕಡೆಯಿಂದ ಬರುತ್ತಿದ್ದ ಇಂಗನ್ನು ತೊಗಲಿನಲ್ಲಿ ಕಟ್ಟಿ ತರುತ್ತಿದ್ದುದೇ ಇದಕ್ಕೆ ಕಾರಣ. ನಿಷೇಧವು ತೊಗಲಿಗೆ, ಇಂಗಿಗಲ್ಲ ಎಂಬುದನ್ನು ಗಮನಿಸಬೇಕು. ಈರುಳ್ಳಿ ಬೆಳ್ಳುಳ್ಳಿಗಳು ಅನಂತಕಾಯವೆಂದು ವರ್ಜ್ಯವಾದ ಮನೆಯಲ್ಲಿ ಒಗ್ಗರಣೆಯ ಕಂಪನ್ನು ಹೊತ್ತದ್ದು ಇಂಗು. ಈ ಮೂರರ ವಾಸನೆಗೂ ಗಂಧಕದ ಸಂಯುಕ್ತಗಳೇ ಮೂಲ. ಇಂಗು ನಾಲಗೆಗೆ ಬರಿದೇ ಕಹಿ. ತುಪ್ಪದಲ್ಲಿ ಕಾದಾಗ ಅದು ಕೊಡುವುದೆಲ್ಲ ಮೂಗಿಗೆ. ನಾಲಗೆಯ ಲೆಕ್ಕದಲ್ಲಿ ತೀರ ಅಲ್ಪವಾದ ಈ ದ್ರವ್ಯಕ್ಕಾಗಿ ಶ್ರಾವಕಾಚಾರವು ಪ್ರತ್ಯೇಕವಾಗಿ ಎಚ್ಚರಿಸಬೇಕಾಯಿತು.

ಕನ್ನಡದಲ್ಲಿ ಈ ವಿಷಯಕ್ಕೆ ಮುಖ್ಯ ಆಕರ ಸೂಪಶಾಸ್ತ್ರ. ವಾರ್ಧಕ ಷಟ್ಪದಿಯ ಈ ಗ್ರಂಥವನ್ನು, 16ನೆಯ ಶತಮಾನದ ಆದಿಯಲ್ಲಿ ಸಮ್ಯಕ್ತ್ವಕೌಮುದಿಯನ್ನು ರಚಿಸಿದ ಕಲ್ಲಹಳ್ಳಿಯ ಮೂರನೆಯ ಮಂಗರಸನದೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನ, ಬದನೆ ಮೊದಲಾದ ಶಾಕಗಳು ಇದರ ವಸ್ತು. ಇಂಥ ಗ್ರಂಥದ ಪ್ರತಿಗಳನ್ನು ಓದುವವರಿಗೆ ಒಂದು ತೊಡಕುಂಟು. ಹಳಗನ್ನಡದಲ್ಲಿ ‘ನಾಱು’ ಎಂದರೆ ವಾಸನೆ ಬೀರು. ಒಳ್ಳೆಯದಕ್ಕೂ ಕೆಟ್ಟದಕ್ಕೂ ಸಲ್ಲುತ್ತಿದ್ದ ಮಾತು. ‘ನಾರು’ ಎಂದರೆ ಎಳೆ. ಶಕಟರೇಫವು ಬಳಕೆಯಿಂದ ಜಾರಿದ ಮೇಲೆ ಲಿಪಿಕಾರರು ಎರಡನ್ನೂ ಒಂದೇ ರೇಫದಿಂದ ಬರೆದರು. ‘ನಾರಿದ’, ‘ನಾರುವ’ ಎಂದು ಕ್ರಿಯಾರೂಪವಿದ್ದಲ್ಲಿ ಸಂದೇಹವಿಲ್ಲ. ಬರಿಯ ‘ನಾರು’ ಬಂದಲ್ಲಿ ಮಾತ್ರ ದ್ರವ್ಯವನ್ನು ನೋಡಿ ನಿರ್ಣಯಿಸಬೇಕು: ಬಾಳೆಯ ದಿಂಡಿನಲ್ಲಿ ತೆಗೆಯಬೇಕಾದುದು ಎಳೆ. ಹಳಸಿದ ಅನ್ನದ ಪ್ರಸಂಗದಲ್ಲಿ ನಿರ್ಣಯ ಕಠಿನ, ಏಕೆಂದರೆ ಕೆಟ್ಟ ಅನ್ನವು ವಾಸನೆಯನ್ನೂ ಬೀರುತ್ತದೆ, ಬೆರಳಿಗೆ ನೂಲಿನಂತೆ ಎಳೆಯೂ ಬರುತ್ತದೆ. ಇಂದಿನ ‘ನಾತ’ವು ಕೆಟ್ಟ ವಾಸನೆಗೇ ಮೀಸಲಾಗಿರುವುದರಿಂದ, ಸುಗಂಧದ ಪಾನಕದ ಪದ್ಯದಲ್ಲಿ ನಾಱು ಧಾತು ಕಂಡಾಗ ಪಾಠವನ್ನು ಅಶುದ್ಧವೆಂದು ತಿದ್ದುವ ಆತುರ ಹುಟ್ಟುವುದುಂಟು. ಅಂಥಲ್ಲಿ ಓಲೆಯ ಪಾಠವನ್ನು ಇದ್ದಂತೆಯೇ ಉಳಿಸತಕ್ಕದ್ದು.