ಕತ್ತಿಗೆ ಎಟುಕದ ಬೇರು

ಹಾಸನದ ಕಡೆ ಕೂಸಿಗೆ ಎಣ್ಣೆನೀರು ಹಾಕುವ ಅಜ್ಜಿಯರು ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ ಕಲಸಿದ ಉಂಡೆಯನ್ನು ಅದರ ಹಣೆ, ತೋಳು, ಬೆನ್ನಿನ ಮೇಲೆ ಮೆಲ್ಲಗೆ ಹೊರಳಿಸುತ್ತಾರೆ. ಹೀಗೆ ಉಜ್ಜಿ ತೆಗೆದರೆ ಮೈಮೇಲಿನ ನವಿರು ಮತ್ತೆ ಬರುವುದಿಲ್ಲ ಎಂಬುದು ನಂಬಿಕೆ. ಅದೇ ಅಜ್ಜಿ ಅದೇ ಕೂಸಿನ ತಲೆಯ ವಿಷಯಕ್ಕೆ ಬಂದರೆ, "ಇನ್ನೊಂದ್ಸಲ ನುಣ್ಣಗೆ ಬೋಳುಸ್ಬುಡವ್ವ, ಕೂದ್ಲು ಸೊಂಪಾಗ್ ಬತ್ತದೆ" ಎನ್ನುತ್ತಾರೆ. ಮೈಮೇಲಿನದನ್ನು ತೆಗೆದರೆ ಕಡಿಮೆಯಾಗುತ್ತದೆ, ತಲೆಯ ಮೇಲಿನದನ್ನು ತೆಗೆದರೆ ಹೆಚ್ಚಾಗುತ್ತದೆ! ಎರಡೂ ಕಣ್ಣಾರೆ ಕಂಡವರ ಮಾತೇ. ಉಂಡೆ ಉಜ್ಜಿಸಿಕೊಂಡ ಕೂಸಿನ ಮೈ ನುಣುಪಾದದ್ದೂ ನಿಜ, ಬೋಳಿಸಿಕೊಂಡ ತಲೆಯಲ್ಲಿ ದಟ್ಟ ಕೂದಲು ಬಂದದ್ದೂ ನಿಜ. ಕಂಡದ್ದರಲ್ಲಿ ತಪ್ಪಿಲ್ಲ, ಅದಕ್ಕೆ ಕೊಟ್ಟ ಕಾರಣದಲ್ಲಿ ತಪ್ಪಿದೆ. ನಿಜವಾದ ಕಾರಣ ಒಂದೊಂದು ತುಣುಕಾಗಿ ಹೊರಬಂದದ್ದು ಕಳೆದ ನೂರು ವರ್ಷಗಳಲ್ಲಿ.

ಹುಟ್ಟುಗೂದಲು ತೆಗೆಸುವುದನ್ನು ಕೆಲವರು ಚೌಲ ಎನ್ನುತ್ತಾರೆ, ಕೆಲವರು ಜವಳ ಎನ್ನುತ್ತಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮನೆಗಳಲ್ಲಿ ಮಗುವಿಗೆ ಒಂಬತ್ತೋ ಹನ್ನೊಂದೋ ತಿಂಗಳು ತುಂಬಿದಾಗ, ಇಲ್ಲವೇ ಮೂರನೇ ವರ್ಷಕ್ಕೆ ಇದು ನಡೆಯುತ್ತದೆ. ಮನೆದೇವರು ಧರ್ಮಸ್ಥಳದ ಮಂಜುನಾಥನಾದರೆ ಅಲ್ಲಿ, ತಿರುಪತಿ ತಿಮ್ಮಪ್ಪನಾದರೆ ಅಲ್ಲಿ, ನಂಜನಗೂಡಿನ ನಂಜುಂಡನಾದರೆ ಕಪಿಲೆಯ ದಡದಲ್ಲಿ. ಅಷ್ಟು ದೂರ ಹೋಗಲಾಗದವರಿಗೆ ಅರಸೀಕೆರೆ ಪಕ್ಕದ ಮಾಲೇಕಲ್ಲು ತಿರುಪತಿ ಇದೆ. ಮಗು ಸೋದರಮಾವನ ತೊಡೆಯ ಮೇಲೆ ಕೂರುತ್ತದೆ. ಕ್ಷೌರಿಕರು ಅಂಗೈಯಲ್ಲಿ ನೀರು ತೆಗೆದುಕೊಂಡು ನೆತ್ತಿಯನ್ನು ತಟ್ಟಿ ತಟ್ಟಿ ನೆನೆಸುತ್ತಾರೆ. ಬ್ಲೇಡನ್ನು ನಡುವೆ ಮುರಿದು ಅರ್ಧವನ್ನು ಕತ್ತಿಯ ಬಾಯಿಗೆ ಸಿಕ್ಕಿಸುತ್ತಾರೆ. ಮಗು ಕಿರುಚುತ್ತಾ ತಲೆ ತಿರುಗಿಸಿದಂತೆಲ್ಲ ಅವರ ಕೈಯೂ ಅದರ ಜೊತೆ ತಿರುಗುತ್ತದೆ. ಮುಗಿದ ಮೇಲೆ ಬೋಳುತಲೆಗೆ ಗಂಧವನ್ನೋ ಅರಿಶಿನವನ್ನೋ ಮೆತ್ತುತ್ತಾರೆ. ಹರಕೆ ದೇವರಿಗೆ ಸಲ್ಲುತ್ತದೆ. ಹರಕೆಯ ಬಗ್ಗೆ ನನ್ನ ತಕರಾರಿಲ್ಲ. ಮಾತಾಡಬೇಕಾದ್ದು ಅದರ ಜೊತೆಗೆ ಅಂಟಿಕೊಂಡು ಬಂದಿರುವ ಇನ್ನೊಂದು ನಿರೀಕ್ಷೆಯ ಬಗ್ಗೆ.

ನಮ್ಮ ಹಳೆಯ ವೈದ್ಯಗ್ರಂಥಗಳು ಈ ನಿರೀಕ್ಷೆಯನ್ನು ಹುಟ್ಟಿಸಿದವು ಎಂದು ಹೇಳಲಾಗದು. ಚರಕಸಂಹಿತೆಯ ಸೂತ್ರಸ್ಥಾನ ಕೂದಲು, ಗಡ್ಡ, ಉಗುರು ಕತ್ತರಿಸಿಕೊಳ್ಳುವುದರ ಫಲವನ್ನು ಹೇಳುವಾಗ ಪುಷ್ಟಿ, ಆಯುಷ್ಯ, ಶುಚಿತ್ವ, ರೂಪ ಎಂದು ಪಟ್ಟಿ ಮಾಡುತ್ತದೆ. ಕೂದಲು ದಟ್ಟವಾಗುತ್ತದೆ ಎಂಬುದು ಆ ಪಟ್ಟಿಯಲ್ಲಿಲ್ಲ. ಕೂದಲು ಉದುರಿ ತೇಪೆಯಂತಾಗುವ ಇಂದ್ರಲುಪ್ತಕ್ಕೆ ಸುಶ್ರುತ ಹೇಳುವ ಚಿಕಿತ್ಸೆಯಲ್ಲಿ ಆ ಜಾಗದ ಚರ್ಮವನ್ನೇ ಚುಚ್ಚಿ ರಕ್ತ ತೆಗೆದು ಲೇಪ ಹಚ್ಚುತ್ತಾರೆ. ಆ ವೈದ್ಯರ ಕಣ್ಣು ಮೇಲೆ ಕಾಣುವ ಕೂದಲಿನ ಮೇಲಿರಲಿಲ್ಲ, ಅದು ಹುಟ್ಟುವ ಚರ್ಮದ ಮೇಲಿತ್ತು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಬೋಳಿಸಿದರೆ ಕೂದಲು ದಟ್ಟವಾಗುತ್ತದೆಯೇ ಎಂಬ ಪ್ರಶ್ನೆ ಪ್ರಯೋಗಶಾಲೆಗೆ ಬಂದದ್ದು ಅಮೆರಿಕದಲ್ಲಿ. ಜಿಲೆಟ್ ಕಂಪನಿಯ ಸೇಫ್ಟಿ ರೇಜರ್ 1903ರಲ್ಲಿ ಮಾರುಕಟ್ಟೆಗೆ ಬಂತು, 1915ರಲ್ಲಿ ಹೆಂಗಸರಿಗೆಂದೇ ಬೇರೆ ರೇಜರ್ ಬಂತು. ಕ್ಷೌರದಂಗಡಿಯ ಕತ್ತಿ ಬಚ್ಚಲುಮನೆಯ ಗೂಡಿಗೆ ಬಂದು ಕುಳಿತ ಮೇಲೆ, ಒಮ್ಮೆ ಹಚ್ಚಿದರೆ ಜನ್ಮವಿಡೀ ಒರಟು ಕೂದಲು ಎಂಬ ಭಯವೂ ಮನೆಯೊಳಗೇ ಬಂತು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರಜ್ಞ ಚಾರ್ಲ್ಸ್ ಡ್ಯಾನ್‌ಫರ್ತ್ ಮತ್ತು ಅವರ ಕಿರಿಯ ಸಹೋದ್ಯೋಗಿ ಮಿಲ್ಡ್ರೆಡ್ ಟ್ರಾಟರ್ ಮೈಗೂದಲಿನ ಹಂಚಿಕೆಯ ಬಗ್ಗೆ 1922ರಲ್ಲೇ ಪ್ರಬಂಧ ಬರೆದಿದ್ದರು. 1928ರಲ್ಲಿ ಟ್ರಾಟರ್ ನೇರವಾಗಿ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು. ನಾಲ್ವರು ಗಂಡಸರಿಗೆ ಗೊತ್ತುಪಡಿಸಿದ ರೀತಿಯಲ್ಲೇ ಗಡ್ಡ ಬೋಳಿಸಿಕೊಳ್ಳಲು ಹೇಳಿ, ಬಂದ ಕೂದಲನ್ನು ಸೂಕ್ಷ್ಮದರ್ಶಕದಡಿ ಅಳೆದರು. ಬಣ್ಣ ಕಪ್ಪಾಗಿರಲಿಲ್ಲ, ದಪ್ಪ ಹೆಚ್ಚಿರಲಿಲ್ಲ, ಬೆಳೆಯುವ ವೇಗವೂ ಬದಲಾಗಿರಲಿಲ್ಲ. ಮುಂದೆ ಇದೇ ಟ್ರಾಟರ್ ಎರಡನೇ ಮಹಾಯುದ್ಧದಲ್ಲಿ ಸತ್ತ ಸೈನಿಕರ ಮೂಳೆಗಳಿಂದ ಅವರ ಗುರುತು ಹಿಡಿಯುವ ಕೆಲಸ ಮಾಡಿ, ಮೂಳೆಯ ಉದ್ದದಿಂದ ಆಳಿನ ಎತ್ತರ ಲೆಕ್ಕಹಾಕುವ ಸೂತ್ರಕ್ಕೆ ಹೆಸರಾದರು. ಅಳೆಯದೆ ಏನನ್ನೂ ಒಪ್ಪದ ಹೆಣ್ಣುಮಗಳು ಅವರು.

ಸುಮಾರು ಅದೇ ಹೊತ್ತಿನಲ್ಲಿ, 1926ರಲ್ಲಿ, ಎಫ್. ಡಬ್ಲ್ಯು. ಡ್ರೈ ಎಂಬ ಜೀವವಿಜ್ಞಾನಿ ಇಲಿಯ ಮೈಗೂದಲನ್ನು ನೋಡುತ್ತಾ ಅದಕ್ಕೊಂದು ಸುತ್ತು ಇದೆ ಎಂದು ವಿವರಿಸಿ, ಮೂರು ಹಂತಗಳಿಗೆ ಹೆಸರಿಟ್ಟರು. ಬೆಳೆಯುವ ಹಂತ ಅನಾಜೆನ್, ಹಿಂಜರಿಯುವ ಹಂತ ಕ್ಯಾಟಜೆನ್, ವಿರಮಿಸುವ ಹಂತ ಟೀಲೊಜೆನ್. 1959ರಲ್ಲಿ ಆಲ್ಬರ್ಟ್ ಕ್ಲಿಗ್‌ಮನ್ ಮನುಷ್ಯರ ಕೂದಲಿನ ಸುತ್ತನ್ನು ವಿವರವಾಗಿ ಬರೆದರು. ನನ್ನ ಮಟ್ಟಿಗೆ ಇಡೀ ಕಥೆಯ ಬೀಗದಕೈ ಇಲ್ಲಿದೆ. ನೆತ್ತಿಯ ಒಂದು ಕೂದಲು ಎರಡರಿಂದ ಆರು ವರ್ಷ ಬೆಳೆಯುತ್ತದೆ, ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್. ಆಮೇಲೆ ಎರಡು ಮೂರು ವಾರ ಬುಡ ಮುದುಡುತ್ತದೆ, ಸುಮಾರು ಮೂರು ತಿಂಗಳು ಸುಮ್ಮನಿದ್ದು ಉದುರಿ ಹೋಗುತ್ತದೆ, ಅದೇ ಕುಳಿಯಿಂದ ಹೊಸದು ಬರುತ್ತದೆ. ಆ ಕುಳಿಗೆ ರೋಮಕೂಪ ಎನ್ನುತ್ತಾರೆ. ನೆತ್ತಿಯಲ್ಲಿ ಅದರ ತಳ ಚರ್ಮದಿಂದ ಮೂರು ನಾಲ್ಕು ಮಿಲಿಮೀಟರ್ ಕೆಳಗಿದೆ. ಜೀವಕೋಶಗಳು ಒಡೆದು ಹೆಚ್ಚುವುದು, ಬಣ್ಣ ಸೇರುವುದು, ದಪ್ಪ ತೀರ್ಮಾನವಾಗುವುದು ಎಲ್ಲ ಅಲ್ಲೇ. ಚರ್ಮದ ಮೇಲೆ ಬಂದದ್ದು ಕೆರಾಟಿನ್ ಎಂಬ ಪ್ರೋಟೀನಿನ ಎಳೆ, ಅದಕ್ಕೆ ಜೀವವಿಲ್ಲ, ನರವಿಲ್ಲ, ರಕ್ತವಿಲ್ಲ. ಕತ್ತಿ ಕತ್ತರಿಸುವುದು ಈ ಎಳೆಯನ್ನು. ಮೇಲೆ ಏನಾಯಿತೆಂದು ಕೆಳಗಿನ ಬೇರಿಗೆ ಸುದ್ದಿ ಮುಟ್ಟಿಸುವ ದಾರಿಯೇ ಅದಕ್ಕಿಲ್ಲ.

ಈಗ ಅಜ್ಜಿಯ ಎರಡು ಮಾತಿಗೆ ಬರೋಣ. ಬಸುರಿನಲ್ಲಿದ್ದಾಗ ಮಗುವಿನ ಮೈತುಂಬ ಲನೂಗೊ ಎಂಬ ಮೃದುವಾದ ನವಿರು ಇರುತ್ತದೆ. ಅದರ ಬಹುಪಾಲು ಹುಟ್ಟುವ ಮುಂಚೆಯೇ ಉದುರಿರುತ್ತದೆ. ಉಳಿದದ್ದು ಹುಟ್ಟಿದ ಮೇಲಿನ ಮೊದಲ ವಾರಗಳಲ್ಲಿ ತಾನಾಗಿ ಹೋಗುತ್ತದೆ. ದಿನಗಳು ಕಳೆದು ಆದದ್ದಕ್ಕೆ ಹೆಸರು ಬಂದದ್ದು ಕಡಲೆಹಿಟ್ಟಿಗೆ. ತಲೆಯಲ್ಲಿ ನಡೆಯುವುದು ಇನ್ನೂ ಸ್ವಾರಸ್ಯ. ಹುಟ್ಟುಗೂದಲು ಮೊದಲ ಕೆಲವು ತಿಂಗಳಲ್ಲಿ ವಿರಾಮಕ್ಕೆ ಹೋಗಿ ಉದುರುತ್ತದೆ. ಎರಡು ಮೂರು ತಿಂಗಳ ಕೂಸಿನ ಹಿಂದಲೆ ಬೋಳಾಗಿರುವುದನ್ನು ನೋಡಿ ತೊಟ್ಟಿಲ ಬಟ್ಟೆ ಉಜ್ಜಿ ಹೀಗಾಯಿತು ಎನ್ನುತ್ತೇವಲ್ಲ, ಅದರಲ್ಲೂ ದೊಡ್ಡ ಪಾಲು ಈ ಸುತ್ತಿನದೇ. ಅದರ ಜಾಗಕ್ಕೆ ಬರುವ ಕೂದಲು ಒಂದೊಂದು ಸುತ್ತಿಗೂ ಹೆಚ್ಚು ದಪ್ಪ, ಹೆಚ್ಚು ಕಪ್ಪು. ಒಂಬತ್ತು ತಿಂಗಳಿಂದ ಮೂರು ವರ್ಷದೊಳಗೆ ಈ ಬದಲಾವಣೆ ಬಿರುಸಾಗಿ ನಡೆಯುತ್ತಿರುತ್ತದೆ. ಜವಳದ ಮುಹೂರ್ತವೂ ಸರಿಯಾಗಿ ಆಗಲೇ! ಬೋಳಿಸದೆ ಬಿಟ್ಟ ಮಗುವಿನ ತಲೆಯಲ್ಲೂ ಇದೇ ಕೂದಲು ಬರುತ್ತದೆ, ಆದರೆ ಹಳೆಯದರ ನಡುವೆ ಬೆರೆತು ಬರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಜ್ವರದ ಕಥೆಯೂ ಇಂಥದ್ದೇ. ಟೈಫಾಯ್ಡ್ ಬಂದು ಹೋದ ಎರಡು ಮೂರು ತಿಂಗಳಿಗೆ ತಲೆಗೂದಲು ಹಿಡಿ ಹಿಡಿಯಾಗಿ ಉದುರುತ್ತದೆ. ಹೆರಿಗೆಯಾದ ತಾಯಂದಿರಿಗೂ ಅಷ್ಟೆ. ತಲೆ ಬೋಳಿಸಿಬಿಡಿ, ಚೆನ್ನಾಗಿ ಬರುತ್ತದೆ ಎಂಬ ಸಲಹೆ ಊರೂರಲ್ಲೂ ಸಿಗುತ್ತದೆ. ದೇಹಕ್ಕೆ ಬಿದ್ದ ಪೆಟ್ಟಿನಿಂದ ಬಹಳಷ್ಟು ರೋಮಕೂಪಗಳು ಒಟ್ಟಿಗೆ ವಿರಾಮಕ್ಕೆ ಜಾರುವುದರಿಂದ ಹೀಗಾಗುತ್ತದೆ ಎಂದು ವಿವರಿಸಿ 1961ರಲ್ಲಿ ಇದಕ್ಕೆ ಟೀಲೊಜೆನ್ ಎಫ್ಲುವಿಯಮ್ ಎಂಬ ಹೆಸರು ಕೊಟ್ಟವರೂ ಕ್ಲಿಗ್‌ಮನ್ ಅವರೇ. ಕಾರಣ ನಿವಾರಣೆಯಾದ ಮೇಲೆ ಆರೇಳು ತಿಂಗಳಲ್ಲಿ ಸಾಮಾನ್ಯವಾಗಿ ಕೂದಲು ತಾನೇ ಮರಳುತ್ತದೆ. ಹೆಣ್ಣುಮಕ್ಕಳ ತಲೆಯನ್ನು ಇದೊಂದೇ ಕಾರಣಕ್ಕೆ ಬೋಳಿಸಿದಾಗ ಅವರು ಶಾಲೆಗೆ ಹೋಗಲು ಅಳುತ್ತಾರೆ. ಆ ಅಳುವಿನ ಅಗತ್ಯವೇ ಇಲ್ಲ.

ಟ್ರಾಟರ್ ಅವರ ಫಲಿತಾಂಶವನ್ನು ಇನ್ನೊಂದು ದಾರಿಯಿಂದ ಪರೀಕ್ಷಿಸಿದ್ದು 1970ರಲ್ಲಿ. ಲಿನ್‌ಫೀಲ್ಡ್ ಮತ್ತು ಮ್ಯಾಕ್‌ವಿಲಿಯಮ್ಸ್ ಎಂಬಿಬ್ಬರು ಐವರು ಯುವಕರ ಒಂದು ಕಾಲನ್ನು ವಾರಕ್ಕೊಮ್ಮೆಯಂತೆ ಹಲವು ತಿಂಗಳು ಬೋಳಿಸಿದರು, ಇನ್ನೊಂದು ಕಾಲನ್ನು ಹಾಗೇ ಬಿಟ್ಟರು. ಒಬ್ಬರ ಗಡ್ಡಕ್ಕೆ ಇನ್ನೊಬ್ಬರ ಗಡ್ಡವನ್ನು ಹೋಲಿಸುವ ತೊಡಕು ಇಲ್ಲಿಲ್ಲ. ಅದೇ ಆಳು, ಅದೇ ಊಟ, ಅದೇ ರಕ್ತ. ಗೊತ್ತುಪಡಿಸಿದ ಜಾಗದಲ್ಲಿ ಬಂದ ಕೂದಲಿನ ಒಟ್ಟು ತೂಕ, ಒಂದೊಂದು ಕೂದಲಿನ ದಪ್ಪ, ಬೆಳೆಯುವ ವೇಗ, ಮೂರರಲ್ಲೂ ಎರಡು ಕಾಲಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಾಲ್ವರು, ಐವರು ಎಂದರೆ ಸಣ್ಣ ಸಂಖ್ಯೆ, ಅದೂ ಎಲ್ಲರೂ ಅಮೆರಿಕದ ಗಂಡಸರು. ಆದರೂ ರೋಮಕೂಪದ ರಚನೆ ತಿಳಿದ ಮೇಲೆ ಈ ಸಣ್ಣ ಪ್ರಯೋಗಗಳಿಗೆ ದೊಡ್ಡ ಆಧಾರ ಸಿಕ್ಕಿದೆ. ನಮ್ಮ ಹಾಸನ ಜಿಲ್ಲೆಯಲ್ಲೇ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಆಯುರ್ವೇದ ಕಾಲೇಜೂ ಇವೆ. ವಿದ್ಯಾರ್ಥಿಗಳು ತಮ್ಮದೇ ಎರಡು ಕಾಲಿನ ಮೇಲೆ ಮಾಡಿ ನೋಡಬಹುದಾದ ಪ್ರಯೋಗ ಇದು; ಯಾರಾದರೂ ಮಾಡಿ ಕನ್ನಡದಲ್ಲಿ ಬರೆದರೆ ಹಳ್ಳಿಯ ತಾಯಂದಿರಿಗೆ ತೋರಿಸಲು ನಮ್ಮದೇ ಅಂಕಿಅಂಶ ಇರುತ್ತದೆ.

ಹಾಗಾದರೆ ಬೋಳಿಸಿದ ಮೂರನೇ ದಿನ ಗಲ್ಲ ಮುಳ್ಳು ಮುಳ್ಳಾಗುವುದು ಸುಳ್ಳೇ? ಸುಳ್ಳಲ್ಲ. ಎಂದೂ ಕತ್ತರಿಸದ ಕೂದಲಿನ ತುದಿ ಸೂಜಿಯಂತೆ ಸಣ್ಣಗಾಗುತ್ತಾ ಹೋಗಿರುತ್ತದೆ. ಕತ್ತಿ ಅದನ್ನು ಅತಿ ದಪ್ಪಗಿರುವ ಬುಡದಲ್ಲಿ ಕತ್ತರಿಸುತ್ತದೆ, ಹೊರಬರುವುದು ಆ ಮೊಂಡು ತುದಿ. ಒಂದೆರಡು ಮಿಲಿಮೀಟರ್ ಉದ್ದದ ಎಳೆ ಬಾಗುವುದಿಲ್ಲ, ಆದ್ದರಿಂದ ಬೆರಳಿಗೆ ಚುಚ್ಚುತ್ತದೆ. ಬಿಸಿಲಿಗೆ ಬಣ್ಣ ಮಾಸುವಷ್ಟು ದಿನ ಅದಕ್ಕಾಗಿರುವುದಿಲ್ಲ, ಆದ್ದರಿಂದ ಕಪ್ಪಾಗಿ ಕಾಣುತ್ತದೆ. ಇನ್ನು ಮೀಸೆ ಚಿಗುರುವ ಹುಡುಗರು ಶೇವಿಂಗ್ ಶುರುಮಾಡುವುದು ಹದಿನಾರು ಹದಿನೇಳರಲ್ಲಿ, ಅಂದರೆ ಟೆಸ್ಟೊಸ್ಟಿರಾನ್ ಎಂಬ ಗಂಡು ಹಾರ್ಮೋನು ಏರುತ್ತಿರುವ ವಯಸ್ಸಿನಲ್ಲಿ. ಬ್ಲೇಡು ಮುಟ್ಟದಿದ್ದರೂ ಅವರ ಗಡ್ಡ ಇಪ್ಪತ್ತೈದರ ಹೊತ್ತಿಗೆ ದಟ್ಟವಾಗಿಯೇ ಬರುತ್ತದೆ. ಗಂಡು ಹಾರ್ಮೋನಿಗೂ ಬೊಕ್ಕತಲೆಗೂ ಇರುವ ನಂಟನ್ನು ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ತೋರಿಸಿದ್ದರು. 1970ರ 'ನೇಚರ್' ಪತ್ರಿಕೆಯಲ್ಲಿ ಹೆಸರು ಹೇಳದ ವಿಜ್ಞಾನಿಯೊಬ್ಬ, ದೂರದ ದ್ವೀಪದಲ್ಲಿ ಒಂಟಿಯಾಗಿ ಇರಬೇಕಾಗಿದ್ದಾಗ ಎಲೆಕ್ಟ್ರಿಕ್ ರೇಜರಿನಲ್ಲಿ ಸಿಕ್ಕ ತನ್ನ ಗಡ್ಡದ ಪುಡಿಯನ್ನು ದಿನವೂ ತೂಗಿ, ಸಂಗಾತಿಯನ್ನು ಸೇರುವ ದಿನ ಹತ್ತಿರವಾದಂತೆ ಗಡ್ಡದ ಬೆಳವಣಿಗೆ ಹೆಚ್ಚಿತೆಂದು ಬರೆದ. ಒಬ್ಬನ ಲೆಕ್ಕವಾದರೂ ಗಮನವನ್ನು ಬ್ಲೇಡಿನಿಂದ ರಕ್ತದ ಕಡೆಗೆ ತಿರುಗಿಸಿದ ಬರಹ ಅದು.

ಬೋಳಿಸುವುದು ಬೇರೆ, ಬೇರುಸಹಿತ ಕೀಳುವುದು ಬೇರೆ. ಇದನ್ನು ಅರಿಯಲು ಚನ್ನರಾಯಪಟ್ಟಣ ತಾಲ್ಲೂಕಿನವರು ಎಲ್ಲೂ ಹೋಗಬೇಕಿಲ್ಲ. ಶ್ರವಣಬೆಳಗೊಳಕ್ಕೆ ಬರುವ ದಿಗಂಬರ ಮುನಿಗಳು ಕತ್ತಿ ಕತ್ತರಿ ಮುಟ್ಟುವುದಿಲ್ಲ. ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ತಲೆ, ಗಡ್ಡ, ಮೀಸೆಯ ಕೂದಲನ್ನು ಕೈಯಿಂದಲೇ ಕೀಳುವ ಕೇಶಲೋಚ ಅವರ ವ್ರತ. ಹಿಡಿತ ಜಾರದಿರಲಿ ಎಂದು ಬೂದಿ ಹಚ್ಚಿಕೊಳ್ಳುತ್ತಾರೆ. ಬುಡದ ಗಡ್ಡೆಯೇ ಕಿತ್ತು ಬಂದರೂ ಮುಂದಿನ ಲೋಚದ ಹೊತ್ತಿಗೆ ಕೂದಲು ಮತ್ತೆ ಬಂದಿರುತ್ತದೆ. ಅದು ಹೇಗೆ ಎಂಬುದಕ್ಕೆ ಉತ್ತರ 1990ರಲ್ಲಿ ಸಿಕ್ಕಿತು. ಕೊಟ್ಸರೆಲಿಸ್, ಸನ್, ಲಾವ್‌ಕರ್ ಎಂಬ ಸಂಶೋಧಕರು ರೋಮಕೂಪದ ತಳದಲ್ಲಲ್ಲ, ನಡುವಿನ ಒಂದು ಉಬ್ಬಿನಲ್ಲಿ ಕಾಂಡಕೋಶಗಳು ಕೂತಿವೆ ಎಂದು ತೋರಿಸಿದರು. ಕಿತ್ತಾಗ ಗಡ್ಡೆ ಹೋದರೂ ಉಬ್ಬು ಉಳಿಯುತ್ತದೆ, ಅದರಿಂದ ಹೊಸ ಗಡ್ಡೆ ಕಟ್ಟಿಕೊಳ್ಳುತ್ತದೆ. ಹಾಗೆ ಬಂದ ಕೂದಲಿಗೆ ಹೊಸ ಸೂಜಿತುದಿ ಇರುವುದರಿಂದ ಮೆತ್ತಗಿರುತ್ತದೆ. ದಾರದಿಂದ ಹುಬ್ಬು ತೀಡಿಸಿಕೊಂಡವರಿಗೆ ಮರಳಿ ಬಂದ ಕೂದಲು ಒರಟು ಅನ್ನಿಸದಿರುವುದೂ ಇದಕ್ಕೇ. ಕೀಳುವುದು ರೋಮಕೂಪಕ್ಕೆ ನಿಜವಾಗಿ ಸುದ್ದಿ ಮುಟ್ಟಿಸುತ್ತದೆ. 2015ರಲ್ಲಿ ಚೆಂಗ್-ಮಿಂಗ್ ಚುವಾಂಗ್ ಅವರ ತಂಡ ಇಲಿಯ ಬೆನ್ನಿನ ಸಣ್ಣ ಜಾಗದಲ್ಲಿ 200 ಕೂದಲು ಕಿತ್ತಾಗ, ಅಕ್ಕಪಕ್ಕದ ಕೀಳದ ಕೂಪಗಳೂ ಎಚ್ಚೆತ್ತು 1,200ರವರೆಗೆ ಕೂದಲು ಬಂದವು. ಅದು ಇಲಿಯ ಮಾತು. ಮನುಷ್ಯರು ಒಂದೇ ಕಡೆ ವರ್ಷಗಟ್ಟಲೆ ಕೀಳುತ್ತಿದ್ದರೆ ಕೆಲವು ಕೂಪಗಳು ಗಾಯಗೊಂಡು ಸೊರಗುವುದೂ ಉಂಟು.

2007ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ವೈದ್ಯರೇ ನಂಬಿಕೊಂಡಿರುವ ತಪ್ಪುಗಳ ಒಂದು ಪಟ್ಟಿ ಪ್ರಕಟಿಸಿತು. ಬೋಳಿಸಿದರೆ ಕೂದಲು ಬೇಗ, ಒರಟಾಗಿ ಬರುತ್ತದೆ ಎಂಬುದೂ ಅದರಲ್ಲಿತ್ತು. 1928ರಲ್ಲೇ ಉತ್ತರ ಸಿಕ್ಕಿದ್ದ ಪ್ರಶ್ನೆ 79 ವರ್ಷದ ಮೇಲೂ ವೈದ್ಯರ ಕೋಣೆಯಲ್ಲೇ ಉಳಿದಿತ್ತು ಎಂದರೆ ಅಜ್ಜಿಯರನ್ನು ದೂರುವುದು ನ್ಯಾಯವಲ್ಲ.

ಈ ನಂಬಿಕೆಯಿಂದ ಹೆಚ್ಚು ನೋಯುವವರು ಹುಡುಗಿಯರು. ಗಲ್ಲದ ಮೇಲೆ, ತುಟಿಯ ಮೇಲೆ ಕೂದಲು ದಪ್ಪಗಾಗತೊಡಗಿದರೆ, ಯಾವಾಗಲೋ ರೇಜರ್ ಹಚ್ಚಿದ್ದೇ ತಪ್ಪಾಯಿತೆಂದು ಮನೆಯವರು ಬೈಯುತ್ತಾರೆ, ಅವಳೂ ಹಾಗೇ ನಂಬಿ ಮುಖ ಮುಚ್ಚಿಕೊಂಡು ಓಡಾಡುತ್ತಾಳೆ. ಅದರ ಜೊತೆ ಮುಟ್ಟು ಏರುಪೇರಾಗುತ್ತಿದ್ದರೆ, ಮೊಡವೆ, ತೂಕ ಹೆಚ್ಚುತ್ತಿದ್ದರೆ ಕಾರಣ ಪಿಸಿಓಎಸ್ ಎಂಬ ಹಾರ್ಮೋನಿನ ತೊಂದರೆ ಇರಬಹುದು, ಅಪರೂಪಕ್ಕೆ ಅಡ್ರಿನಲ್ ಗ್ರಂಥಿಯ ತೊಂದರೆ ಇರಬಹುದು. ಮೈಗೂದಲು ಎಷ್ಟಿದ್ದರೆ ಹೆಚ್ಚು ಎಂದು ಅಂಕ ಹಾಕಿ ನೋಡುವ ಫೆರಿಮನ್ ಮತ್ತು ಗಾಲ್ವೆ ಅವರ ಕೋಷ್ಟಕ 1961ರಿಂದ ವೈದ್ಯರ ಬಳಿ ಇದೆ. ಹಾರ್ಮೋನುಗಳ ರಕ್ತಪರೀಕ್ಷೆಯೂ ಇದೆ. ಔಷಧಿ ಶುರುಮಾಡಿದ ಮೇಲೆ ಫಲ ಕಾಣಲು ಆರು ತಿಂಗಳಾದರೂ ಬೇಕು, ಏಕೆಂದರೆ ಈಗಾಗಲೇ ಬೆಳೆಯುತ್ತಿರುವ ಕೂದಲು ತನ್ನ ಸುತ್ತು ಮುಗಿಸಲೇಬೇಕು. ಅಲ್ಲಿಯವರೆಗೆ ಹುಡುಗಿ ರೇಜರ್ ಬಳಸಿದರೆ ಚಿಕಿತ್ಸೆಗೆ ಅಡ್ಡಿಯಿಲ್ಲ, ಕೂದಲಿಗೂ ಅದರಿಂದ ಏನೂ ಆಗುವುದಿಲ್ಲ.